ಕುರ್ಚಿಯ ಮೇಲಿನ ಕೋಟು

ಲ್ಯಾಪ್‌ಟಾಪಿನ ಕೆಳಗೆ ಇನ್ನೊಂದು ಬಿಸ್ಕತ್ತಿನ ಡಬ್ಬಿ ಇಟ್ಟರೆ ಕುತೈಬನ ಮುಖ ಸರಿಯಾಗಿ ಕಾಣುತ್ತಿತ್ತು, ಆದರೆ ಹಿಂದಿನ ಗೋಡೆಯ ತೇವದ ಕಲೆಯೂ ಕಾಣುತ್ತಿತ್ತು; ಡಬ್ಬಿ ತೆಗೆದರೆ ಕಲೆ ಮರೆಯಾಗಿ ಅವನ ಮೂಗಿನ ಹೊಳ್ಳೆಗಳೇ ಪರದೆ ತುಂಬುತ್ತಿದ್ದವು. ಮಧ್ಯಾಹ್ನದ ಊಟವಾದಾಗಿನಿಂದ ಅವನು ಈ ಡಬ್ಬಿಯೊಂದಿಗೆ ಹೆಣಗುತ್ತಿದ್ದ. ಸಂಜೆ ಐದಕ್ಕೆ ಅಮೆರಿಕದ ಒಂದು ಆಸ್ಪತ್ರೆಯವರು ಇದೇ ಪರದೆಯಲ್ಲಿ ಅವನನ್ನು ನೋಡುವವರಿದ್ದರು. ಓಹಾಯೋ ಕಡೆಯ ಯಾವುದೋ ಸಣ್ಣ ಊರು; ಆ ಊರಿನ ಚಿತ್ರ ನೋಡಿ ನೋಡಿ ಅಲ್ಲಿನ ಪೆಟ್ರೋಲ್ ಬಂಕು, ಚರ್ಚು, ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗ ಎಲ್ಲ ಅವನಿಗೆ ತಾನಿರುವ ಅಮ್ಮಾನ್ ನಗರದ ತಬರ್ಬೂರ್ ಬಡಾವಣೆಗಿಂತ ಚೆನ್ನಾಗಿ ಗೊತ್ತಾಗಿಹೋಗಿತ್ತು. ರೆಸಿಡೆನ್ಸಿಗೆಂದು, ಅಂದರೆ ಅಲ್ಲಿನ ಆಸ್ಪತ್ರೆಯಲ್ಲಿ ವೈದ್ಯರು ಪಡೆಯುವ ಮುಂದಿನ ತರಬೇತಿಗೆಂದು, ಅಷ್ಟೊಂದು ಕಡೆ ಅರ್ಜಿ ಹಾಕಿದ್ದಕ್ಕೆ ಈ ವರ್ಷ ಬಂದ ಕರೆ ಇದೊಂದೇ. ಮುಂದಿನ ವರ್ಷಕ್ಕೆ ಅವನು ಕಾಲೇಜು ಬಿಟ್ಟು ತೀರಾ ಹಳಬನಾಗುತ್ತಾನೆ; ಹಳಬರ ಅರ್ಜಿಯನ್ನು ಅಲ್ಲಿ ಮನುಷ್ಯರು ನೋಡುವ ಮೊದಲೇ ಕಂಪ್ಯೂಟರ್ ಪಕ್ಕಕ್ಕೆ ತಳ್ಳಿಬಿಡುತ್ತದಂತೆ. ಆಮೇಲೆ ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಜ್ವರ, ಭೇದಿ, ಮುರಿದ ಮಣಿಕಟ್ಟು ನೋಡಿಕೊಂಡು, ಎದುರು ಸಿಕ್ಕವರೆಲ್ಲ ಕೇಳುವ ‘ಯಾವಾಗ ಹೊರಡೋದು ಡಾಕ್ಟರೇ?’ ಎನ್ನುವ ಪ್ರಶ್ನೆಗೆ ಹಲ್ಲು ಕಿರಿಯುತ್ತ ಮುದುಕನಾಗುವುದೇ. ಕೊನೆಗೆ ಬೇಸತ್ತು ಹಿನ್ನೆಲೆಯನ್ನು ಮಸುಕು ಮಾಡುವ ಗುಂಡಿ ಒತ್ತಿದ. ಗೋಡೆ, ಕಲೆ, ಅಪ್ಪನ ಫೋಟೋ, ಅದರ ಮೂಲೆಯ ಕಪ್ಪು ಪಟ್ಟಿ ಎಲ್ಲವೂ ಹಾಲಿನಲ್ಲಿ ಅದ್ದಿದಂತಾಗಿ ಅವನೊಬ್ಬನೇ ಉಳಿದ. ಅಪ್ಪನನ್ನು ಅಳಿಸಿದೆನಲ್ಲ ಅಂತ ಒಂದು ಗಳಿಗೆ ಪಿಚ್ಚೆನಿಸಿತು. ಆಮೇಲೆ ಟೈ ಸರಿಮಾಡಿಕೊಂಡ.

ಮನೆಯಲ್ಲಿ ಇಂಟರ್‌ನೆಟ್ ಚೆನ್ನಾಗಿ ಸಿಗುವುದು ಅತಿಥಿಗಳ ಕೋಣೆಯಲ್ಲಿ ಮಾತ್ರ. ಅಮ್ಮ ನಾಲ್ಕು ದಿನದಿಂದ ಅಲ್ಲಿ ಯಾರನ್ನೂ ಕೂರಿಸಿರಲಿಲ್ಲ. ಈಗ ಬಾಗಿಲಲ್ಲಿ ನಿಂತು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, “ಗ್ಯಾಸಿನ ಗಾಡಿಯವನಿಗೆ ಹೇಳಿಬಂದೆ,” ಎಂದಳು. “ಆರು ಗಂಟೆ ಒಳಗೆ ಈ ಬೀದಿಗೆ ಬಂದು ಆ ನಿನ್ನ ಹಾಡು ಹಾಕಿದ್ಯೋ, ಸಿಲಿಂಡರ್ ಎತ್ತಿ ನಿನ್ನ ತಲೆ ಮೇಲೇ ಇಡ್ತೀನಿ ಅಂದೆ.”

“ಅಮ್ಮಾ!”

“ಏನಾಯ್ತೀಗ? ನಕ್ಕ ಪಾಪ. ನಿಮ್ಮ ಮಗನಿಗೆ ಸೀಟು ಸಿಗಲಿ ಅಂದ.”

“ಅವನಿಗೂ ಹೇಳಿಬಿಟ್ಯಾ?”

“ಇಡೀ ಕಟ್ಟಡಕ್ಕೇ ಗೊತ್ತು. ಕೆಳಗಿನ ಮನೆಯವಳು ತನ್ನ ವೈಫೈ ಆಫ್ ಮಾಡ್ಕೋತೀನಿ ಅಂದಿದಾಳೆ, ನಿನಗೆ ಜೋರಾಗಿ ಬರಲಿ ಅಂತ.”

ಅದು ಹಾಗೆ ಕೆಲಸ ಮಾಡುವುದಿಲ್ಲ ಅಂತ ಹೇಳಿ ಪ್ರಯೋಜನವಿರಲಿಲ್ಲ. ಇಡೀ ಕಟ್ಟಡ ಉಸಿರು ಬಿಗಿಹಿಡಿದು ತನಗಾಗಿ ಕಾಯುತ್ತಿದೆ ಎನ್ನುವುದು ಅವನಿಗೆ ಹಿತವೆನಿಸಲಿಲ್ಲ. ಸಿಗದೇ ಹೋದರೆ ಇವರೆಲ್ಲರ ಮುಂದೆ ಮೆಟ್ಟಿಲಿಳಿಯಬೇಕು. ಆಸ್ಪತ್ರೆಯವರು ಕಳಿಸಿದ ಸೂಚನೆಗಳನ್ನು ಮತ್ತೊಮ್ಮೆ ಓದಿದ. ಬೆಳಕು ಮುಖದ ಮೇಲಿರಲಿ. ಕ್ಯಾಮೆರಾವನ್ನೇ ನೋಡಿ. ಕೋಣೆಯಲ್ಲಿ ನೀವು ಒಬ್ಬರೇ ಇರಬೇಕು. ಕಳೆದ ವರ್ಷ ಇರ್ಬಿದ್ ಊರಿನ ಒಬ್ಬ ಅಭ್ಯರ್ಥಿ, ಪರದೆಯ ಹಿಂದೆ ಅಣ್ಣನನ್ನು ಕೂರಿಸಿಕೊಂಡು ಉತ್ತರ ಹೇಳಿಸಿಕೊಳ್ಳುತ್ತಿದ್ದುದು ಕನ್ನಡಕದ ಗಾಜಿನಲ್ಲಿ ಕಂಡು ಸಿಕ್ಕಿಬಿದ್ದನಂತೆ, ಅವನ ಹೆಸರನ್ನು ಆಗಿಂದಾಗಲೇ ಹೊಡೆದು ಹಾಕಿದರಂತೆ. ಓದುವ ಹುಡುಗರ ಗುಂಪಿನಲ್ಲಿ ಈ ಕತೆ ವಾರಕ್ಕೊಮ್ಮೆ ಬಂದು ಹೋಗುತ್ತಿತ್ತು. ಕುತೈಬ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಆಗಲೇ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿದ್ದು. ಒಂದು ಮಹಡಿಗೆ ಒಂದು ಸಲ ನಿಂತು, ಕೆಮ್ಮಿ, ಮತ್ತೆ ಹತ್ತುವ ಕೆಮ್ಮು. ಅಮ್ಮನ ಮುಖದ ಬಣ್ಣ ಇಳಿಯಿತು. “ನಾನು ಕರೆದಿಲ್ಲ ಕಣೋ, ದೇವರಾಣೆ. ಫೋನಲ್ಲಿ ಬಾಯ್ತಪ್ಪಿ ಇವತ್ತು ಅಂತ ಅಂದೆ, ಅಷ್ಟೇ,” ಎಂದಳು. ಬಂದವರು ದೊಡ್ಡಪ್ಪ, ಹಾಜಿ ಮುಫ್ಲಿಹ್. ಅಪ್ಪ ತೀರಿಕೊಂಡ ಮೇಲೆ ಈ ಮನೆಯ ಮದುವೆ, ಸಾವು, ಜಗಳ, ರಾಜಿ ಎಲ್ಲದಕ್ಕೂ ಅವರೇ ಹಿರಿಯರು. ಅವರ ಕಡೆಯವರು ಯಾರೇ ಹೆಣ್ಣು ಕೇಳಲು ಹೋದರೂ ಮುಂದೆ ನಿಂತು ಮಾತಾಡುವವರು ಅವರು. ಇವತ್ತೂ ಅದೇ ವೇಷ: ಇಸ್ತ್ರಿ ಮಾಡಿದ ಕೆಂಪು ಚೌಕಳಿ ತಲೆವಸ್ತ್ರ, ಅದರ ಮೇಲೆ ಕರಿ ಹಗ್ಗ, ಹೆಗಲ ಮೇಲೆ ಅಂಚಿಗೆ ಜರಿಯಿದ್ದ ಕಪ್ಪು ನಿಲುವಂಗಿ, ಪಾಲಿಶ್ ಹೊಳೆಯುವ ಬೂಟು. ಬಂದವರೇ ಅತಿಥಿಗಳ ಕೋಣೆಯಲ್ಲಿ ತಮ್ಮ ಎಂದಿನ ಕುರ್ಚಿಯಲ್ಲಿ ಕೂತರು. ಅಮ್ಮ ಓಡಿಹೋಗಿ ಏಲಕ್ಕಿ ಹಾಕಿದ ಸಕ್ಕರೆಯಿಲ್ಲದ ಕಾಫಿ ತಂದು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಸುರಿದುಕೊಟ್ಟಳು. ದೊಡ್ಡಪ್ಪ ಅದನ್ನು ತೆಗೆದುಕೊಂಡು, ಕುಡಿಯದೆ, ಮುಂದಿನ ಮೇಜಿನ ಮೇಲಿಟ್ಟರು.

ಕುತೈಬನಿಗೆ ಅರ್ಥವಾಯಿತು. ಬೇಡಿಕೆ ಇಟ್ಟುಕೊಂಡು ಬಂದವನು ಬಟ್ಟಲು ಮುಟ್ಟುವುದಿಲ್ಲ. ಮನೆಯ ಯಜಮಾನ ‘ಕಾಫಿ ಕುಡಿಯಿರಿ’ ಅಂದರೆ ಕೇಳಿದ್ದನ್ನು ಕೊಟ್ಟಂತೆ. ಈ ಮನೆಗೆ ಈಗ ಯಜಮಾನ ಅವನೇ.

“ನನ್ನದೊಂದು ಬೇಡಿಕೆ ಇದೆ, ಮಗಾ,” ಎಂದರು ದೊಡ್ಡಪ್ಪ. “ಅವರು ನಿನ್ನ ನೋಡುವಾಗ ನಾನು ಈ ಕೋಣೆಯಲ್ಲಿ ಕೂತಿರಬೇಕು.”

“ದೊಡ್ಡಪ್ಪ, ಇದು ಹೆಣ್ಣು ಕೇಳೋದಲ್ಲ. ಸಂದರ್ಶನ.”

“ಅವರ ಹತ್ರ ಇದೆ, ನಮ್ಮ ಹತ್ರ ಇಲ್ಲ, ನಾವು ಕೇಳ್ತಿದೀವಿ. ಕೇಳೋದಲ್ದೆ ಇನ್ನೇನೋ ಇದು? ಕೇಳೋಕೆ ಹೋಗುವವನು ಅನಾಥನ ಹಾಗೆ ಒಬ್ಬನೇ ಹೋಗ್ತಾನಾ? ನಾನೇನು ಸತ್ತಿದೀನಾ?”

“ಭಾವ, ಬಿಡ್ತು ಅನ್ನಿ,” ಎಂದಳು ಅಮ್ಮ ಬಾಗಿಲಿಂದ.

“ನೀನು ಸುಮ್ನಿರು. ಮಗಾ, ನಾನು ಮಾತಾಡಲ್ಲ. ನನಗೆ ಅವರ ಭಾಷೆನೂ ಬರಲ್ಲ. ಕೂತಿರ್ತೀನಿ, ಅಷ್ಟೇ.”

ಬಟ್ಟಲಿನ ಹಬೆ ಕಡಿಮೆಯಾಗುತ್ತಿತ್ತು. ಹೀಗೆಯೇ ಹಬೆ ಅಡಗುವುದನ್ನು ಕುತೈಬ ಎರಡು ವರ್ಷದ ಹಿಂದೆ ಸಾಲ್ತ್ ಊರಿನ ಹಳದಿ ಕಲ್ಲಿನ ಮನೆಯಲ್ಲಿ ನೋಡುತ್ತ ಕೂತಿದ್ದ. ಅವನು ಮದುವೆಯಾಗಬೇಕೆಂದಿದ್ದ ಹನೀನಳ ಮನೆ. ಎಲ್ಲ ಮೊದಲೇ ಮಾತಾಗಿತ್ತು, ಅವತ್ತಿನದು ಬರೀ ಶಾಸ್ತ್ರ. ಆದರೂ ಇಪ್ಪತ್ತು ಗಂಡಸರು ಸಾಲಾಗಿ ಕೂತು, ದೊಡ್ಡಪ್ಪ ಎದ್ದು ನಿಂತು, ನಮ್ಮ ಹುಡುಗ ಹೀಗೆ, ನಮ್ಮ ಹುಡುಗ ಹಾಗೆ ಅಂತ ಹೇಳಿ ಕೂತ ಮೇಲೆ, ಹನೀನಳ ಅಪ್ಪ ನೆಲ ನೋಡುತ್ತ, ‘ಅಮೆರಿಕದ ಕಾಗದ ಬರಲಿ, ಆಮೇಲೆ ನೋಡೋಣ’ ಅಂದುಬಿಟ್ಟಿದ್ದ. ಕುಡಿಯಿರಿ ಅನ್ನಲಿಲ್ಲ. ದೊಡ್ಡಪ್ಪ ಕಾದರು. ಮತ್ತೂ ಕಾದರು. ಕಾಫಿ ಪೂರ್ತಿ ಆರಿದ ಮೇಲೆ ತುಂಬಿದ ಬಟ್ಟಲನ್ನು ಹಾಗೇ ಬಿಟ್ಟು ಎದ್ದರು, ಅವರ ಹಿಂದೆ ಇಪ್ಪತ್ತು ಜನ ಎದ್ದರು. ಬರುವಾಗ ಕಾರಿನಲ್ಲಿ ಸ್ವೈಲೆಹ್ ಇಳಿಜಾರು ದಾಟಿದ ಮೇಲೆ ದೊಡ್ಡಪ್ಪ ಒಂದೇ ಒಂದು ಮಾತಾಡಿದ್ದರು: ‘ಅವರ ಕಾಫಿಗೆ ಏಲಕ್ಕಿ ಜಾಸ್ತಿ ಆಗಿತ್ತು, ವಾಸನೇಲೇ ಗೊತ್ತಾಯ್ತು.’ ಆ ಮಾತಿಗೆ ಕುತೈಬನಿಗೆ ಅಳು ಬಂದಿತ್ತು. ಆ ಕಾಗದ ಆ ವರ್ಷವೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಪರದೆಯ ಮೂಲೆಯಲ್ಲಿ ಹೊತ್ತು ಓಡುತ್ತಿತ್ತು. ವಾದ ಮಾಡುತ್ತ ಕೂತರೆ ಎಲ್ಲ ಕೆಡುತ್ತದೆ. “ಕುಡೀರಿ ದೊಡ್ಡಪ್ಪ,” ಎಂದ. “ಕೊಟ್ಟೆ.”

ದೊಡ್ಡಪ್ಪ ಒಂದೇ ಗುಟುಕಿಗೆ ಕುಡಿದು, ಸಾಕು ಅಂತ ಬಟ್ಟಲು ಅಲ್ಲಾಡಿಸಿ ಅಮ್ಮನ ಕೈಗೆ ಕೊಟ್ಟರು. ಕುತೈಬ ಅವರ ಕುರ್ಚಿಯನ್ನು ಮೂಲೆಗೆ ಎಳೆದ, ಪರದೆ ನೋಡಿದ, ಇನ್ನೊಂದು ಗೇಣು ಎಳೆದ. “ನಾನು ಅವರಿಗೆ ಕಾಣಿಸ್ತೀನಾ?” ಎಂದರು ದೊಡ್ಡಪ್ಪ. “ಇಲ್ಲ,” ಎಂದ. “ಅಂದ್ರೆ?” “ಕಾಣಬಾರದು ದೊಡ್ಡಪ್ಪ. ಒಬ್ಬನೇ ಇರಬೇಕು ಅಂತ ಅವರ ಕಾನೂನು.” “ಎಂಥಾ ಜನವಪ್ಪಾ,” ಎಂದರು ದೊಡ್ಡಪ್ಪ, ಬೈಗುಳವಿಲ್ಲದೆ, ಯಾರಿಗೋ ಮೈಯಲ್ಲಿ ಹುಷಾರಿಲ್ಲ ಅಂತ ಕೇಳಿದವರ ಹಾಗೆ. ಆಮೇಲೆ ಎದ್ದು ಬಂದು, ಅಮ್ಮ ಅವನಿಗೆಂದು ತಂದ ಕಾಫಿಯ ಬಟ್ಟಲನ್ನು ತಾವೇ ಲ್ಯಾಪ್‌ಟಾಪಿನ ಪಕ್ಕ, ಎದುರಿನವರಿಗೆ ಕಾಣುವ ಹಾಗೆ ಇಟ್ಟರು. “ಅವರು ಹೇಳೋವರೆಗೂ ಮುಟ್ಟಬೇಡ.”

“ಅವರಿಗೆ ಇದೆಲ್ಲ ಗೊತ್ತಿಲ್ಲ.”

“ನಮಗೆ ಗೊತ್ತಲ್ಲ.”

ಐದಕ್ಕೆ ಪರದೆ ಬೆಳಗಿತು. ಮೊದಲು ಬಂದವಳು ಬ್ರೆಂಡಾ, ಸಂದರ್ಶನಗಳ ವ್ಯವಸ್ಥೆ ನೋಡಿಕೊಳ್ಳುವವಳು. ಅಲ್ಲಿ ಇನ್ನೂ ಬೆಳಗು; ಅಷ್ಟು ದೂರದಿಂದಲೂ ಬೆಳಗಿನ ಉತ್ಸಾಹ ಅವಳ ದನಿಯಲ್ಲಿತ್ತು. ನಿಮ್ಮ ಹೆಸರನ್ನು ಹೇಗೆ ಕರೆಯೋದು ಅಂತ ಕೇಳಿ, ಕುಟೀಬಾ, ಕ್ವಟೈಬಾ ಅಂತ ಎರಡು ಮೂರು ಸಲ ಎಡವಿದಳು. “ಕ್ಯೂ ಅಂತ ಕರೀರಿ, ಎಲ್ಲರೂ ಹಾಗೇ ಕರೀತಾರೆ,” ಎಂದ. ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವಳಿಗೆ ನಿರಾಳವಾಯಿತು. ಮೂಲೆಯ ಕುರ್ಚಿ ಸಣ್ಣಗೆ ಕಿರುಗುಟ್ಟಿತು. ಕುತೈಬ ಅಂದರೆ ಅಜ್ಜನ ಹೆಸರು, ದೊಡ್ಡಪ್ಪನ ಅಪ್ಪನ ಹೆಸರು. ಹೆಸರಿನ ಮಟ್ಟಿಗೆ ಯಾವ ಭಾಷೆಯಾದರೂ ಅರ್ಥವಾಗುತ್ತದೆ. ಅವನು ಆ ಕಡೆ ನೋಡಲಿಲ್ಲ. ಕ್ಯಾಮೆರಾದ ಪಕ್ಕದ ಹಸಿರು ಚುಕ್ಕೆಯನ್ನೇ ನೋಡುತ್ತಿದ್ದ. ಎದುರಿನವರ ಕಣ್ಣು ನೋಡಿದರೆ ಅವರಿಗೆ ಕಣ್ಣು ತಪ್ಪಿಸಿದಂತೆ ಕಾಣುತ್ತದೆ, ಚುಕ್ಕೆ ನೋಡಿದರೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಂತೆ ಕಾಣುತ್ತದೆ. ಈ ವಿದ್ಯೆಯನ್ನು ಅವನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ. ಆದ್ದರಿಂದ ಸಂದರ್ಶನ ಮಾಡುವ ಡಾಕ್ಟರ್ ಹ್ಯಾಲ್ವರ್ಸನ್ ಬಂದು ಮಾತು ಶುರುಮಾಡಿದಾಗಲೂ ಅವರ ಮುಖ ಅವನಿಗೆ ಅಂಚಿನಲ್ಲಷ್ಟೇ ಕಾಣಿಸಿತು: ಬಿಳಿ ಗಡ್ಡ, ನೀಲಿ ಸ್ವೆಟರು, ನಾಯಿಯ ಚಿತ್ರವಿದ್ದ ದೊಡ್ಡ ಮಗ್ಗು.

ಒಳ್ಳೆಯ ಮನುಷ್ಯನಂತೆ ಕಂಡರು. ಕಾಲೇಜು ಮುಗಿದ ಮೇಲಿನ ಖಾಲಿ ವರ್ಷಗಳ ಬಗ್ಗೆ ಕೇಳಿದಾಗಲೂ, ಚುಚ್ಚದೆ, ನೋವಿರುವ ಹೊಟ್ಟೆಯನ್ನು ಒತ್ತಿ ನೋಡುವ ವೈದ್ಯರ ಹಾಗೆ ಮೆಲ್ಲಗೆ ಕೇಳಿದರು. ಕುತೈಬ ಬಾಯಿಪಾಠ ಮಾಡಿದ್ದನ್ನು ಬಾಯಿಪಾಠ ಅನ್ನಿಸದ ಹಾಗೆ ಹೇಳಿದ. ಮಧ್ಯೆ ಎಲ್ಲಿ ತಡವರಿಸಬೇಕು ಅನ್ನುವುದನ್ನೂ ಅಭ್ಯಾಸ ಮಾಡಿದ್ದನಲ್ಲ, ಸರಿಯಾಗಿ ಅಲ್ಲೇ ತಡವರಿಸಿದ. ಹ್ಯಾಲ್ವರ್ಸನ್ ತಲೆದೂಗಿದರು. ನಡೆಯುತ್ತಿದೆ, ಚೆನ್ನಾಗಿ ನಡೆಯುತ್ತಿದೆ, ಅಂದುಕೊಂಡ. ಎಷ್ಟೋ ದಿನದಿಂದ ಬಿಗಿದಿದ್ದ ಭುಜ ಒಂದಿಷ್ಟು ಸಡಿಲವಾಯಿತು. ಮೂಲೆಯಲ್ಲಿ ದೊಡ್ಡಪ್ಪನ ಉಸಿರು ಕೇಳುತ್ತಿತ್ತು, ಉಸಿರಿನ ತುದಿಯಲ್ಲಿ ಸಣ್ಣ ಸೀಟಿಯಂಥ ಸದ್ದು. ಎದೆಯ ಎಕ್ಸ್‌ರೇ ತೆಗೆಸಿ ಅಂತ ಚಳಿಗಾಲ ಬಂದಾಗಲೆಲ್ಲ ಹೇಳುತ್ತಿದ್ದ, ಅವರು ಹೂಂ ಅನ್ನುತ್ತಿದ್ದರು. ಒಂದು ದಿನ ತಾನೇ ಕರೆದುಕೊಂಡು ಹೋಗಬಹುದಿತ್ತು. ಹೋಗಿರಲಿಲ್ಲ.

“ಕ್ಯೂ, ಒಂದು ನಿಮಿಷ,” ಎಂದರು ಹ್ಯಾಲ್ವರ್ಸನ್. ಅವರ ಕಣ್ಣು ಕುತೈಬನನ್ನು ಬಿಟ್ಟು ಪರದೆಯ ಅಂಚಿಗೆ ಹೋಗಿತ್ತು. “ನಿಮ್ಮ ಹಿಂದೆ, ಆ ಪಕ್ಕದಲ್ಲಿ, ಯಾರಾದರೂ ಇದ್ದಾರಾ?”

ಪರದೆಯಲ್ಲಿ ತನ್ನ ಚೌಕವನ್ನು ನೋಡಿಕೊಂಡ. ದೊಡ್ಡಪ್ಪ ಕೇಳಿಸಿಕೊಳ್ಳಲೆಂದು ತುಸು ಮುಂದಕ್ಕೆ ಬಾಗಿದ್ದಿರಬೇಕು. ಹೆಗಲಿನ ಒಂದು ತುಂಡು ಚೌಕದೊಳಗೆ ಬಂದಿತ್ತು. ಗೋಡೆಯನ್ನೂ ಅಪ್ಪನ ಫೋಟೋವನ್ನೂ ಮಸುಕಾಗಿ ಬಳಿದ ಆ ಯಂತ್ರ, ಇದು ಮನುಷ್ಯ ಅಂತ ಗುರುತಿಸಿ, ಕಪ್ಪು ನಿಲುವಂಗಿಯನ್ನು ಅದರ ಜರಿಯ ಎಳೆ ಎಳೆಯ ಸಮೇತ ಸ್ಪಷ್ಟವಾಗಿ ತೋರಿಸುತ್ತಿತ್ತು. ಇರ್ಬಿದ್‌ನವನ ಕನ್ನಡಕ ನೆನಪಾಯಿತು. ಯೋಚಿಸುವ ಮೊದಲೇ ನಾಲಿಗೆ ಕೆಲಸ ಮುಗಿಸಿಬಿಟ್ಟಿತ್ತು.

“ಇಲ್ಲ ಸರ್. ಯಾರೂ ಇಲ್ಲ. ಅದು ಕೋಟು. ಕುರ್ಚಿಯ ಮೇಲೆ ನನ್ನ ಕೋಟು ಹಾಕಿದೀನಿ.”

“ಓ, ಸರಿ ಸರಿ,” ಎಂದು ಹ್ಯಾಲ್ವರ್ಸನ್ ನಕ್ಕರು. “ಇವು ಏನೇನೋ ತೋರಿಸ್ತವೆ. ಮೊನ್ನೆ ಒಬ್ಬಳ ಬೆಕ್ಕಿಗೆ ತಲೆಯೇ ಇರಲಿಲ್ಲ.”

ಕುತೈಬನೂ ನಕ್ಕ. ನಗುತ್ತಲೇ ಮೇಜಿನ ಕೆಳಗೆ ಎಡಗೈಯನ್ನು ಮೂಲೆಯ ಕಡೆ ಚಾಚಿ, ಬೇಡ, ಅಲ್ಲಾಡಬೇಡಿ ಅನ್ನುವ ಹಾಗೆ ಅಂಗೈ ಒತ್ತಿ ತೋರಿಸಿದ. ದೊಡ್ಡಪ್ಪನಿಗೆ ಇಷ್ಟು ಸಾಕಾಯಿತು. ಮುಖ ಓದಿ ಓದಿ ಹಣ್ಣಾದ ಮನುಷ್ಯ. ಎದುರಿನ ಮನೆಯವರು ಕೊಡುತ್ತಾರೋ ಇಲ್ಲವೋ ಅನ್ನುವುದನ್ನು ಹೊಸಿಲು ದಾಟುವಾಗಲೇ ಹೇಳುತ್ತಿದ್ದರು. ಹೆಗಲ ತುಂಡು ಹಿಂದೆ ಸರಿಯಲಿಲ್ಲ, ಮುಂದೆ ಬರಲಿಲ್ಲ. ಇದ್ದಲ್ಲೇ ನಿಂತುಬಿಟ್ಟಿತು. ಈಗ ಸರಿದರೆ ಕೋಟು ಸರಿದಂತಾಗುತ್ತದೆ ಅಂತ ಅವರಿಗೆ ಹೊಳೆದುಹೋಗಿತ್ತು. ಬಾಗಿದ ಭಂಗಿಯಲ್ಲೇ, ಮೊಣಕಾಲ ಮೇಲೆ ಕೈಯೂರಿ, ಎಪ್ಪತ್ತು ದಾಟಿದ ದೊಡ್ಡಪ್ಪ ಕೋಟಾಗಿ ಕೂತರು. ಉಸಿರಿನ ಸೀಟಿ ಕೂಡ ನಿಂತಿತು, ಅಂದರೆ ಉಸಿರು ಹಿಡಿದಿದ್ದರು.

ಮುಂದಿನ ಪ್ರಶ್ನೆ ಬಂತು. ಆ ಪ್ರಶ್ನೆಯೇ ಬರಬೇಕಾಗಿತ್ತೇ! ರೋಗಿಯ ಮನೆಯವರನ್ನು ನೀವು ಹೇಗೆ ನಿಭಾಯಿಸುತ್ತೀರಿ? ಕುತೈಬನಿಗೆ ಈ ಉತ್ತರ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿತ್ತು. ತಾನೇ ಬರೆದುಕೊಂಡು ತಿದ್ದಿ ತೀಡಿ ಇಟ್ಟುಕೊಂಡಿದ್ದ. “ನಮ್ಮ ಕಡೆ ರೋಗಿ ಒಬ್ಬನೇ ಬರೋದಿಲ್ಲ ಸರ್,” ಎಂದ. “ಇಡೀ ಮನೆಯೇ ಬರುತ್ತೆ. ಮೊದಮೊದಲು ನಾನು ಎಲ್ಲರನ್ನೂ ಹೊರಗೆ ಕಳಿಸ್ತಿದ್ದೆ, ಅಡ್ಡಿ ಅನ್ನಿಸ್ತಿತ್ತು. ಆಮೇಲೆ ಕಲಿತೆ. ಈಗ ಹಿರಿಯರು ಯಾರು ಅಂತ ಕೇಳ್ತೀನಿ. ಅವರಿಗೆ ಕುರ್ಚಿ ಕೊಡ್ತೀನಿ. ಹೆಸರು ಕೇಳ್ತೀನಿ. ಅವರು ಕೋಣೆಯಲ್ಲಿ ಇದ್ದಾರೆ ಅನ್ನೋದೇ ರೋಗಿಗೆ ಅರ್ಧ ಔಷಧಿ.” ಹ್ಯಾಲ್ವರ್ಸನ್ ಪೆನ್ನು ತೆಗೆದುಕೊಂಡು ಏನೋ ಬರೆದುಕೊಂಡರು. ಬಹಳ ಚೆಂದದ ಮಾತು ಅಂದರು. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿ, ಕುತೈಬನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಮಾತು ನಿಲ್ಲಲಿಲ್ಲ, ಯಾಕೆಂದರೆ ಮಾತು ಚೆನ್ನಾಗಿ ಬರುತ್ತಿತ್ತು, ಎದುರಿನ ಪೆನ್ನು ಓಡುತ್ತಿತ್ತು. ಕನ್ನಡಕದ ಅಂಚಿನಿಂದ ಮೂಲೆ ಕಂಡಿತು. ದೊಡ್ಡಪ್ಪ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದರು. ಮುಖ ಕಪ್ಪಿಟ್ಟಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಚೌಕದೊಳಗಿನ ಹೆಗಲು ಅಲ್ಲಾಡಿರಲಿಲ್ಲ. ಕೆಮ್ಮನ್ನು ನುಂಗುತ್ತಿದ್ದರು. ಎದ್ದು ಹೋಗಿ ಬೆನ್ನು ನೀವಬೇಕು, ಕಿಟಕಿ ತೆಗೆಯಬೇಕು, ನೀರು ಕೊಡಬೇಕು. ರಸ್ತೆಯಲ್ಲಿ ಅಪರಿಚಿತನೊಬ್ಬ ಹೀಗಾದರೂ ಅವನು ಓಡಿಹೋಗುತ್ತಿದ್ದ. ಎಲ್ಲೋ ಪಕ್ಕದ ಬೀದಿಯಲ್ಲಿ ಗ್ಯಾಸಿನ ಗಾಡಿಯ ಹಾಡು ಕೇಳಿ ಮರೆಯಾಯಿತು. ಇನ್ನು ಸ್ವಲ್ಪವೇ ಹೊತ್ತು, ಅಂದುಕೊಂಡ, ತಡೀರಿ ದೊಡ್ಡಪ್ಪ, ಇನ್ನು ಸ್ವಲ್ಪವೇ.

ಹ್ಯಾಲ್ವರ್ಸನ್ ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು. ಮುಖ ಪೂರ್ತಿ ಸಡಿಲಾಗಿತ್ತು. “ನನ್ನ ಪ್ರಶ್ನೆಗಳು ಮುಗಿದವು ಡಾಕ್ಟರ್. ನಿಮ್ಮ ಜೊತೆ ಮಾತಾಡಿ ಖುಷಿಯಾಯ್ತು,” ಎಂದರು. ಆಮೇಲೆ ಮೇಜಿನ ಮೇಲಿನ ಬಟ್ಟಲು ಕಣ್ಣಿಗೆ ಬಿತ್ತು. “ಅಯ್ಯೋ, ನೀವು ಕಾಫಿ ಮುಟ್ಟೇ ಇಲ್ಲವಲ್ಲ. ಕುಡೀರಿ, ಕುಡೀರಿ.” ತಮ್ಮ ನಾಯಿಯ ಮಗ್ಗನ್ನು ಅವನ ಕಡೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಅವನ ಬಟ್ಟಲು ತೋರಿಸಿ, ಕುಡಿಯುವಂತೆ ಸನ್ನೆ ಮಾಡಿದರು.

ಇದು ಏನೂ ಅಲ್ಲ, ಬರೀ ಕಾಫಿ, ಅಂತ ಕುತೈಬನಿಗೆ ಗೊತ್ತಿತ್ತು. ಗೊತ್ತಿದ್ದೂ ಮೈ ಜುಮ್ಮೆಂದಿತು. ಮೂಲೆಯಲ್ಲಿ ಕೂತವರಿಗೆ ಮಾತ್ರ ಇದು ಬರೀ ಕಾಫಿಯಾಗಿರಲಿಲ್ಲ. ಮಾತು ತಿಳಿಯದಿದ್ದರೇನು, ಕಣ್ಣಿತ್ತು: ಬಿಳಿ ಗಡ್ಡದ ಹಿರಿಯ, ಒರಗಿ ಕೂತ ಸಮಾಧಾನ, ಬಟ್ಟಲ ಕಡೆ ಚಾಚಿದ ಕೈ. ಸಾಲ್ತ್‌ನ ಆ ಮನೆಯಲ್ಲಿ ಕಾದೂ ಕಾದೂ ಕಾಣದೆ ಎದ್ದು ಬಂದ ಸನ್ನೆ ಅದು. ದೊಡ್ಡಪ್ಪ ಬಾಯಿಂದ ಬಟ್ಟೆ ಕಿತ್ತರು. ಒಳಗೆ ತಡೆದಿಟ್ಟ ಕೆಮ್ಮೆಲ್ಲ ಒಟ್ಟಿಗೆ ಹೊರಬಿತ್ತು. ಕೆಮ್ಮುತ್ತಲೇ ಎದ್ದರು. ಕೊಟ್ಟ ಮೇಲೆ ಕೇಳಿದ ಕಡೆಯ ಹಿರಿಯ ಎದ್ದು ನಿಂತು ಕೃತಜ್ಞತೆ ಹೇಳಬೇಕು, ಹೇಳದಿದ್ದರೆ ಕೊಟ್ಟವರಿಗೆ ಅವಮಾನ. ಎರಡೇ ಹೆಜ್ಜೆಯಲ್ಲಿ ಚೌಕದೊಳಗೆ ಬಂದು, ನಿಲುವಂಗಿ ಸರಿಮಾಡಿಕೊಂಡು, ಎದೆಯ ಮೇಲೆ ಬಲಗೈ ಇಟ್ಟು ಹ್ಯಾಲ್ವರ್ಸನ್ನರ ಮುಂದೆ ನಿಂತರು.

“ನಿಮ್ಮ ಮನೆ ತುಂಬಿರಲಿ, ಹಿರಿಯರೇ. ನಿಮ್ಮ ಮಕ್ಕಳು ಮರಿ ತಣ್ಣಗಿರಲಿ. ನಮ್ಮ ತಲೆ ಎತ್ತೋ ಹಾಗೆ ಮಾಡಿದ್ರಿ. ಇವನು ಇನ್ನು ನಿಮ್ಮ ಮಗ,” ಎಂದು, ಬಾಗಿಲ ಕಡೆ ತಿರುಗಿ, “ಕೊಟ್ರು ಕಣೇ! ಕುಡಿ ಅಂದ್ರು!” ಎಂದು ಕೂಗಿದರು. ಬಾಗಿಲಾಚೆಯಿಂದ ಅಮ್ಮ, ಮದುವೆಮನೆಯ ಹೆಂಗಸರ ಹಾಗೆ, ನಾಲಿಗೆ ಆಡಿಸಿ ಉದ್ದಕ್ಕೆ ಹಿಗ್ಗಿನ ಕೂಗು ಹಾಕಿದಳು.

ಹ್ಯಾಲ್ವರ್ಸನ್ನರ ಮಗ್ಗು ಅರ್ಧದಲ್ಲೇ ನಿಂತಿತ್ತು. ಅವರು ದೊಡ್ಡಪ್ಪನನ್ನು ನೋಡಿದರು, ಜರಿಯಂಚಿನ ನಿಲುವಂಗಿಯನ್ನು ನೋಡಿದರು, ಕುತೈಬನನ್ನು ನೋಡಿದರು. ಪರದೆಯ ಮೇಲ್ಭಾಗದಲ್ಲಿ ಪಟ್ಟಿಯೊಂದು ಬಂತು: ಈ ಸಂದರ್ಶನದ ಕೋಣೆ ಇನ್ನೊಂದು ನಿಮಿಷದಲ್ಲಿ ಮುಚ್ಚಲಿದೆ. ಹೋಯಿತು, ಎಲ್ಲ ಹೋಯಿತು ಅನ್ನುವುದರ ಜೊತೆಗೇ, ಕುತೈಬನಿಗೆ ಮುದುಕನ ಮೇಲೆ ಕೆಂಡದಂಥ ಸಿಟ್ಟು ಬಂತು. ಇಷ್ಟು ಹೊತ್ತು ಕೂತವರಿಗೆ ಇನ್ನೊಂದು ನಿಮಿಷ ಕೂರಲಾಗಲಿಲ್ಲವೇ!

“ಓಹೋ,” ಎಂದರು ಹ್ಯಾಲ್ವರ್ಸನ್ ನಿಧಾನವಾಗಿ. ಅವರ ಮುಖದಲ್ಲಿ ಏನೋ ಆಡಿಹೋಯಿತು. ಆಮೇಲೆ ಮೆಲ್ಲಗೆ, ಬಾಗಿಲೊಂದನ್ನು ಅವನಿಗಾಗಿ ತೆರೆದು ಹಿಡಿದವರಂತೆ, ಕೇಳಿದರು: “ಇವರು ಈಗ ತಾನೇ ಒಳಗೆ ಬಂದರು, ಅಲ್ಲವಾ?”

ಹೌದು ಅಂದರೆ ಮುಗಿಯಿತು. ಹೌದು ಸರ್, ನಮ್ಮ ಮನೆಯವರು, ಖುಷಿ ತಡೆಯಲಾಗದೆ ನುಗ್ಗಿಬಿಟ್ಟರು, ಕ್ಷಮಿಸಿ. ಇಬ್ಬರೂ ನಗಬಹುದು. ಅವರು ಅದನ್ನೇ ಕಾಯುತ್ತಿದ್ದರು, ಪಾಪ, ಒಳ್ಳೆಯ ಮನುಷ್ಯ. ದೊಡ್ಡಪ್ಪ ಇನ್ನೂ ಎದೆಯ ಮೇಲಿನ ಕೈ ತೆಗೆದಿರಲಿಲ್ಲ. ಬಾಯಿಗೆ ತುರುಕಿದ್ದ ತಲೆವಸ್ತ್ರದ ತುದಿ ಒದ್ದೆಯಾಗಿ ಮುದುಡಿ ಇಸ್ತ್ರಿಯೆಲ್ಲ ಕೆಟ್ಟು ಅವರ ಭುಜದ ಮೇಲೆ ಬಿದ್ದಿತ್ತು. ಕುತೈಬನಿಗೆ ಆ ಒದ್ದೆ ಬಟ್ಟೆಯಿಂದ ಕಣ್ಣು ಕೀಳಲಾಗಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ. ಅವನು ಹಸಿರು ಚುಕ್ಕೆಯನ್ನು ಬಿಟ್ಟು ಮೊದಲ ಸಲ ಹ್ಯಾಲ್ವರ್ಸನ್ನರ ಕಣ್ಣನ್ನೇ ನೋಡಿದ.

“ಇಲ್ಲ ಸರ್,” ಎಂದ. “ಇವರು ಮೊದಲಿಂದಲೂ ಇಲ್ಲೇ ಕೂತಿದ್ದರು. ನಾನು ಕೋಟು ಅಂದದ್ದು ಇವರನ್ನೇ. ಇವರು ನಮ್ಮ ದೊಡ್ಡಪ್ಪ, ಮುಫ್ಲಿಹ್ ಅಂತ ಹೆಸರು. ನನಗೆ ಒಂದು ಉತ್ತರವನ್ನೂ ಹೇಳಿಕೊಟ್ಟಿಲ್ಲ, ಅವರಿಗೆ ಇಂಗ್ಲಿಷ್ ಬರೋದಿಲ್ಲ. ಆದರೆ ಇದ್ದರು. ಮತ್ತೆ ನನ್ನನ್ನ ಯಾರೂ ಕ್ಯೂ ಅಂತ ಕರೆಯೋದಿಲ್ಲ ಸರ್. ಕುತೈಬ. ಇವರ ಅಪ್ಪನ ಹೆಸರು ಅದು.”

ಹ್ಯಾಲ್ವರ್ಸನ್ ಮಗ್ಗನ್ನು ಕೆಳಗಿಟ್ಟರು. ನಗು ಮುಖದಿಂದ ಪೂರ್ತಿ ಹೋಗಿತ್ತು. ಮುಂದಿದ್ದ ಕಾಗದ ನೋಡಿದರು, ಪೆನ್ನು ತೆಗೆದುಕೊಂಡರು, ತಲೆ ಎತ್ತಿ ಏನೋ ಹೇಳಲು ಬಾಯಿ ತೆರೆದರು. ಪರದೆಯ ಕೋಣೆ ಮುಚ್ಚಿತು. ಭಾಗವಹಿಸಿದ್ದಕ್ಕೆ ಧನ್ಯವಾದ, ನಿಮ್ಮ ದಿನ ಶುಭವಾಗಿರಲಿ ಅಂತ ಬ್ರೆಂಡಾಳ ಹೆಸರಿನಲ್ಲಿ ಒಂದು ಸಾಲು ಬಂತು. ಅಂಥ ಸಾಲು ಎಲ್ಲರಿಗೂ ಬರುತ್ತದೆ.

ಅಮ್ಮ ಸಿಹಿಯ ತಟ್ಟೆ ಹಿಡಿದು ಒಳಗೆ ಬಂದವಳು ಮಗನ ಮುಖ ನೋಡಿ ತಟ್ಟೆಯನ್ನು ಸದ್ದಿಲ್ಲದೆ ಕೆಳಗಿಟ್ಟಳು. ದೊಡ್ಡಪ್ಪ ಆಗಲೇ ಸುದ್ದಿ ತಿಳಿಸಲೆಂದು ತಮ್ಮ ಮಗ ಸಖರನಿಗೆ ಫೋನು ಹಚ್ಚಲು ಹೊರಟಿದ್ದರು. ಕುತೈಬ ಅವರ ಕೈಯಿಂದ ಫೋನು ತೆಗೆದುಕೊಂಡು, ಕುರ್ಚಿಯಲ್ಲಿ ಕೂರಿಸಿ, ನೀರು ಕುಡಿಸಿ, ಬೆನ್ನು ನೀವಿದ. ಕೆಮ್ಮು ನಿಲ್ಲುವವರೆಗೂ ನೀವಿದ. “ಅವರು ಕೊಟ್ಟಿಲ್ಲ ದೊಡ್ಡಪ್ಪ,” ಎಂದ ಆಮೇಲೆ. “ಅವರಲ್ಲಿ ಕಾಫಿ ಕುಡಿ ಅಂದರೆ ಕಾಫಿ ಕುಡಿ ಅಂತ ಅಷ್ಟೇ.”

ದೊಡ್ಡಪ್ಪನ ಮುಖ ಒಮ್ಮೆಲೇ ಮುದಿಯಾಯಿತು. “ಹಾಗಾದ್ರೆ ನಾನು ಎದ್ದು ಬಂದು ಕೆಡಿಸಿದ್ನಾ, ಮಗಾ?”

“ಇಲ್ಲ.”

“ಏನೋ ಮುಚ್ಚಿಡ್ತಿದೀಯ. ಕೊನೆಗೆ ಅವನ ಮುಖ ಬದಲಾಯ್ತು, ನಾನು ನೋಡಿದೆ. ಅದು ನಾನು ಬಂದಿದ್ದಕ್ಕಲ್ಲ, ನೀನು ಏನೋ ಅಂದಿದ್ದಕ್ಕೆ. ಏನಂದೆ?”

“ನೀವು ಮೊದಲಿಂದ ಇಲ್ಲೇ ಕೂತಿದ್ರಿ ಅಂದೆ.”

“ಕೂತಿದ್ದೆನಲ್ಲ,” ಎಂದರು ದೊಡ್ಡಪ್ಪ, ಅರ್ಥವಾಗದೆ. “ಕೂತಿದ್ದವನನ್ನ ಕೂತಿದ್ದ ಅಂದ್ರೆ ಅದಕ್ಕೆ ಯಾಕೋ ಮುಖ ಹಾಗೆ ಮಾಡ್ಕೋಬೇಕು ಅವನು?”

ಕುತೈಬ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡ. ಲ್ಯಾಪ್‌ಟಾಪಿನ ಪಕ್ಕದ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ತಂದು, ದೊಡ್ಡಪ್ಪನ ಎದುರು ಕೂತು, ಇಬ್ಬರ ನಡುವಿನ ಮೇಜಿನ ಮೇಲಿಟ್ಟ. ಅಮ್ಮ ಬಾಗಿಲಿಗೆ ಒರಗಿಕೊಂಡಳು.

“ನನ್ನದೊಂದು ಬೇಡಿಕೆ ಇದೆ ದೊಡ್ಡಪ್ಪ,” ಎಂದ. “ಮೊದಲು ಅವರು ಕೇಳಿದಾಗ ನಾನು ಯಾರೂ ಇಲ್ಲ ಅಂದೆ. ನಿಮ್ಮನ್ನ ಕೋಟು ಅಂದೆ. ಕುರ್ಚಿಯ ಮೇಲೆ ಹಾಕಿದ ಕೋಟು. ಅದನ್ನ ನೀವು ಮನ್ನಿಸಬೇಕು.”

ದೊಡ್ಡಪ್ಪ ಅವನನ್ನೇ ನೋಡಿದರು. ಆಮೇಲೆ ತಮ್ಮ ನಿಲುವಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಜರಿಯನ್ನು ಮೊದಲ ಸಲ ನೋಡುವವರಂತೆ ನೋಡಿದರು. ಹೊರಗೆ ಆರು ಗಂಟೆಯಾಗಿರಬೇಕು. ಗ್ಯಾಸಿನ ಗಾಡಿ ಅಮ್ಮನ ಮಾತು ಉಳಿಸಿಕೊಂಡು ಈಗ ಬೀದಿಗೆ ಬಂದಿತ್ತು, ಅದರ ಹಾಡು ಕಿಟಕಿಯ ಗಾಜಿನವರೆಗೂ ಬಂದು, ಮುಂದಿನ ಕಟ್ಟಡದ ಕಡೆ ಹೋಯಿತು.

“ಇದು ಆರಿಹೋಗಿದೆ,” ಎಂದರು ದೊಡ್ಡಪ್ಪ ಕೊನೆಗೆ, ಅಮ್ಮನಿಗೆ. “ಬಿಸಿಯದು ಹಾಕ್ಕೊಂಡು ಬಾ.”

ಅಮ್ಮ ಆರಿದ್ದನ್ನು ಒಯ್ದು ಬಿಸಿ ಕಾಫಿ ತಂದು ಅವನ ಮುಂದಿಟ್ಟಳು. ದೊಡ್ಡಪ್ಪ ನಿಲುವಂಗಿಯ ಅಂಚನ್ನು ಬಿಟ್ಟಿರಲಿಲ್ಲ. ಕುತೈಬ ಬಟ್ಟಲು ಮುಟ್ಟದೆ, ಅವರ ಮುಖವನ್ನೇ ನೋಡುತ್ತ ಕಾದು ಕೂತ.